ಡ್ರೋನಿಗೆ ಮನೆ ಎಂದರೆ ಮೂರು ಅಂಕಿ

ಮದುವೆ ಮಂಟಪದ ಅಂಗಳದಲ್ಲಾಗಲಿ, ಜಾತ್ರೆಯ ಬಯಲಿನಲ್ಲಾಗಲಿ, ಡ್ರೋನ್ ಹಾರಿಸುವವರ ಸುತ್ತ ಸೇರುವ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ದೂರ ಹೋಗುತ್ತೆ? ರೇಟು ಎಷ್ಟು? ಸಿಗ್ನಲ್ ಹೋಗಿಬಿಟ್ಟರೆ ಬಿದ್ದುಹೋಗಲ್ವಾ? ಮೂರನೆಯ ಪ್ರಶ್ನೆಗೆ ಹಾರಿಸುವವರ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ: ಬೀಳಲ್ಲ, ಸಿಗ್ನಲ್ ಕಟ್ಟಾದರೆ ತಾನಾಗೇ ವಾಪಸ್ ಬರುತ್ತೆ.

ಕೇಳಿದವರು ತಲೆದೂಗಿ ಸುಮ್ಮನಾಗುತ್ತಾರೆ. ಆದರೆ ಒಗಟು ಇರುವುದು ಆ ಉತ್ತರದಲ್ಲೇ. ರಿಮೋಟಿನಿಂದ ಹೊರಡುವ ರೇಡಿಯೊ ಅಲೆಗಳ ಜಾಡು ಹಿಡಿದು ಡ್ರೋನ್ ಮರಳುತ್ತದೆ ಎಂದು ಬಹುಪಾಲು ಜನ ನಂಬಿರುತ್ತಾರೆ. ಹಾಗಿದ್ದರೆ ಆ ಅಲೆಗಳು ತಲುಪದೇ ಹೋದ ಗಳಿಗೆಯಲ್ಲೇ ಅದು ಹಿಂದಿರುಗಲು ಹೊರಡುವುದು ಹೇಗೆ? ಕರೆಯುವ ದನಿ ನಿಂತ ಮೇಲೆ ಅದು ಯಾವುದರ ಬೆನ್ನು ಹತ್ತಿ ಬರುತ್ತದೆ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. ಡ್ರೋನ್ ಮರಳುವುದು ನಿಮ್ಮ ಬಳಿಗಲ್ಲ. ನೀವು ಎಲ್ಲಿದ್ದೀರಿ, ಇದ್ದೀರೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಹಾರುವ ಮುನ್ನ ಅದು ಮೂರು ಅಂಕಿಗಳನ್ನು ಬರೆದಿಟ್ಟುಕೊಂಡಿರುತ್ತದೆ. ಆ ಅಂಕಿಗಳು ತೋರಿಸುವ ಜಾಗಕ್ಕೆ ಅದು ಹೋಗುತ್ತದೆ. ಅದಕ್ಕೆ ಗೊತ್ತಿರುವ ಮನೆ ಅಷ್ಟೇ.

ಉಪ್ಪುನೆಲದ ಇರುವೆ

ಹೀಗೆ ಮನೆಗೆ ಮರಳುವ ಜೀವಿಯೊಂದು ನಿಜವಾಗಿಯೂ ಇದೆ. ಟ್ಯುನೀಶಿಯದ ಉಪ್ಪುನೆಲಗಳಲ್ಲಿ ವಾಸಿಸುವ ಕ್ಯಾಟಗ್ಲಿಫಿಸ್ ಎಂಬ ಇರುವೆ ಸುಡುಬಿಸಿಲಿನಲ್ಲಿ ಆಹಾರ ಹುಡುಕುತ್ತಾ ಅಂಕುಡೊಂಕಾಗಿ ಬಹುದೂರ ಅಲೆಯುತ್ತದೆ. ಸತ್ತ ಹುಳ ಸಿಕ್ಕ ಕೂಡಲೇ ಬಂದ ದಾರಿ ಬಿಟ್ಟು ನೇರ ಗೆರೆಯಲ್ಲಿ ಗೂಡಿಗೆ ಓಡುತ್ತದೆ. ಆ ಬಯಲಿನಲ್ಲಿ ಗುರುತಿಗೆ ಗಿಡವಿಲ್ಲ, ಕಲ್ಲಿಲ್ಲ. ಆಕಾಶದ ಬೆಳಕಿನಿಂದ ದಿಕ್ಕನ್ನೂ ತನ್ನ ಹೆಜ್ಜೆಗಳಿಂದ ದೂರವನ್ನೂ ಅದು ಕ್ಷಣಕ್ಷಣವೂ ಕೂಡಿ ಕಳೆದು, ಗೂಡು ಇಂಥ ಕಡೆ ಇಷ್ಟು ದೂರದಲ್ಲಿದೆ ಎಂಬ ಲೆಕ್ಕವನ್ನು ಹೊತ್ತು ತಿರುಗುತ್ತದೆ.

2006ರಲ್ಲಿ ಮಥಿಯಾಸ್ ವಿಟ್ಲಿಂಗರ್, ರೂಡಿಗರ್ ವೇನರ್ ಮತ್ತು ಹರಾಲ್ಡ್ ವೋಲ್ಫ್ ಎಂಬ ವಿಜ್ಞಾನಿಗಳು ಈ ಲೆಕ್ಕವನ್ನು ಬಲು ತಮಾಷೆಯಾಗಿ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಗೂಡಿನಿಂದ ಹತ್ತು ಮೀಟರ್ ನಡೆದು ಬಂದ ಇರುವೆಗಳ ಕಾಲಿಗೆ ಹಂದಿಕೂದಲಿನ ಮರಗಾಲು ಅಂಟಿಸಿ ಬಿಟ್ಟರು. ಕಾಲು ಉದ್ದವಾದ ಇರುವೆ ಅಷ್ಟೇ ಸಂಖ್ಯೆಯ ಹೆಜ್ಜೆ ಹಾಕಿ ಹದಿನೈದು ಮೀಟರಿನವರೆಗೂ ಹೋಗಿ, ಗೂಡು ಇಲ್ಲೇ ಇರಬೇಕಿತ್ತಲ್ಲ ಎಂದು ಅಲ್ಲೇ ಹುಡುಕತೊಡಗಿತು. ಗೂಡನ್ನು ದಾಟಿ ಬಂದಿದ್ದೇನೆಂಬ ಸುಳಿವೇ ಅದಕ್ಕಿರಲಿಲ್ಲ. ಲೆಕ್ಕ ತಪ್ಪಾದರೆ ಮನೆಯೂ ತಪ್ಪು.

ಡ್ರೋನಿನ ಮರಳುವಿಕೆಯೂ ಇದೇ ಜಾತಿಯದು. ಇರುವೆ ಹೆಜ್ಜೆ ಎಣಿಸಿದರೆ ಡ್ರೋನ್ ಉಪಗ್ರಹಗಳನ್ನು ಕೇಳಿಸಿಕೊಳ್ಳುತ್ತದೆ. ಎರಡಕ್ಕೂ ಮನೆ ಕಾಣುವುದಿಲ್ಲ. ಹಾಗಾಗಿ ಡ್ರೋನ್ ಸುರಕ್ಷಿತವಾಗಿ ಮರಳುವುದೋ ಇಲ್ಲವೋ ಎಂಬುದು ಅಪಾಯದ ಹೊತ್ತಿನಲ್ಲಿ ನೀವು ಒತ್ತುವ ಗುಂಡಿಯಿಂದ ತೀರ್ಮಾನವಾಗುವುದು ಕಡಿಮೆ. ಅದು ಹಾರುವ ಮುನ್ನ ಬರೆದುಕೊಂಡ ಅಂಕಿಗಳಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಮೊದಲ ಎರಡು ಅಂಕಿ

ಆ್ಯಪ್‌ಗಳು ಹೋಮ್ ಪಾಯಿಂಟ್ ಎನ್ನುವ ಜಾಗವನ್ನು ಇಲ್ಲಿ ಮನೆಬಿಂದು ಎಂದು ಕರೆಯೋಣ. ಅದರ ಮೊದಲ ಎರಡು ಅಂಕಿ ಅಕ್ಷಾಂಶ ಮತ್ತು ರೇಖಾಂಶ. ಇವೆರಡನ್ನೂ ಕೊಡುವುದು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು. ಪ್ರತಿ ಉಪಗ್ರಹವೂ ಸಾರುತ್ತಿರುವ ಸುದ್ದಿ ಒಂದೇ: ಈಗ ಇಷ್ಟು ಗಂಟೆ, ನಾನು ಇಂಥಲ್ಲಿದ್ದೇನೆ. ಆ ಸುದ್ದಿ ಬೆಳಕಿನ ವೇಗದಲ್ಲಿ ಬಂದರೂ ನಮ್ಮನ್ನು ಮುಟ್ಟಲು ಸೆಕೆಂಡಿನ ನೂರನೇ ಏಳು ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಯಿತೆಂದು ಅಳೆದರೆ ಉಪಗ್ರಹ ಎಷ್ಟು ದೂರವಿದೆ ಎಂದು ತಿಳಿಯುತ್ತದೆ. ಮೂರು ದೂರ ಗೊತ್ತಾದರೆ ಜಾಗ ಸಿಗಬೇಕು. ಆದರೆ ಡ್ರೋನಿನ ಗಡಿಯಾರ ಅಗ್ಗದ್ದು, ಅದರ ತಪ್ಪನ್ನು ಕಂಡುಹಿಡಿಯಲು ನಾಲ್ಕನೆಯ ಉಪಗ್ರಹ ಬೇಕೇಬೇಕು. ಗಡಿಯಾರ ಸೆಕೆಂಡಿನ ನೂರು ಕೋಟಿಯ ಒಂದು ಭಾಗ ತಪ್ಪಿದರೂ ದೂರ ಮೂವತ್ತು ಸೆಂಟಿಮೀಟರ್ ತಪ್ಪುತ್ತದೆ.

ನಾಲ್ಕು ಸಾಕು ಎನ್ನುವುದು ಪುಸ್ತಕದ ಮಾತು. ನಾಲ್ಕೂ ಆಕಾಶದ ಒಂದೇ ಮೂಲೆಯಲ್ಲಿದ್ದರೆ, ಎತ್ತರದ ಕಟ್ಟಡಕ್ಕೆ ಬಡಿದು ಬಂದ ಪ್ರತಿಫಲನವೇ ಅಸಲಿ ಸುದ್ದಿಯೆಂದು ಡ್ರೋನ್ ನಂಬಿದರೆ, ಲೆಕ್ಕ ಹತ್ತಾರು ಮೀಟರ್ ಜಾರಬಹುದು. ಅದಕ್ಕೇ ಇಂದಿನ ಡ್ರೋನ್‌ಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನದ ಬೈಡೂ ಉಪಗ್ರಹಗಳಲ್ಲಿ ಒಂದೆರಡು ಬಳಗಗಳನ್ನಾದರೂ ಕೇಳಿಸಿಕೊಂಡು ಹತ್ತು, ಹನ್ನೆರಡು, ಇಪ್ಪತ್ತು ಉಪಗ್ರಹ ಸಿಗುವವರೆಗೆ ಮನೆಬಿಂದು ಗುರುತಿಸದೆ ಕಾಯುತ್ತವೆ. (ನಮ್ಮದೇ ಆದ ನಾವಿಕ್ ಕೂಡ ಇದೆ. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಹವ್ಯಾಸದ ಡ್ರೋನ್‌ಗಳು ಅದನ್ನು ಆಲಿಸುವ ರೂಢಿ ಇನ್ನೂ ವ್ಯಾಪಕವಾಗಿಲ್ಲ.) 2000ದ ಮೇ ತಿಂಗಳವರೆಗೆ ಅಮೆರಿಕ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಆಗ ತಪ್ಪು ನೂರು ಮೀಟರಿನವರೆಗೂ ಹೋಗುತ್ತಿತ್ತು. ಅದು ಹಾಗೆಯೇ ಮುಂದುವರಿದಿದ್ದರೆ ಮರಳಿದ ಡ್ರೋನ್ ಪಕ್ಕದ ಬೀದಿಯವರ ಹೆಂಚಿನ ಮೇಲೆ ಇಳಿಯುತ್ತಿತ್ತು. ಈಗ ಬಯಲಿನಲ್ಲಿ ತಪ್ಪು ಕೆಲವೇ ಮೀಟರ್. ಡಿಜೆಐ ಕಂಪನಿಯ ಫ್ಯಾಂಟಮ್ ಡ್ರೋನ್ 2013ರ ಜನವರಿಯಲ್ಲಿ ಬಂದಾಗ, ಸಂಕೇತ ಕಡಿದರೆ ತಾನೇ ಮರಳುವ ಸೌಲಭ್ಯ ಪೆಟ್ಟಿಗೆಯಿಂದ ತೆಗೆದು ಹಾರಿಸುವ ಹವ್ಯಾಸಿಯ ಕೈಗೂ ಬಂತು.

ಎಡವಟ್ಟಾಗುವುದು ಆತುರದಲ್ಲಿ. ಉಪಗ್ರಹಗಳು ಸಾಕಷ್ಟು ಸಿಗುವ ಮುನ್ನವೇ ಏರಿಸಿದರೆ ಹೆಚ್ಚಿನ ಡ್ರೋನ್‌ಗಳು ಬೇಡ ಎನ್ನುವುದಿಲ್ಲ. ಹಾರುತ್ತಾ ಹಾರುತ್ತಾ ಎಲ್ಲಿ ಮೊದಲ ಬಾರಿಗೆ ಒಳ್ಳೆಯ ಸಂಕೇತ ಸಿಗುತ್ತದೋ ಅಲ್ಲೇ ಮನೆಬಿಂದು ಗುರುತಾಗುತ್ತದೆ. ತೋಟದ ಮನೆಯ ಜಗಲಿಯಿಂದ ಏರಿಸಿದರೆ ಆ ಜಾಗ ಕೆರೆಯ ನಡುವೆ ಇರಬಹುದು, ಟ್ರಾನ್ಸ್‌ಫಾರ್ಮರಿನ ನೆತ್ತಿಯ ಮೇಲೂ ಇರಬಹುದು. ಆ್ಯಪ್ ಹೋಮ್ ಪಾಯಿಂಟ್ ಅಪ್‌ಡೇಟ್ ಆಯಿತೆಂದು ಬಾಯಿಬಿಟ್ಟು ಹೇಳುತ್ತದೆ, ನಕ್ಷೆಯ ಮೇಲೆ ಗುರುತನ್ನೂ ತೋರಿಸುತ್ತದೆ. ಆ ಗುರುತು ನಿಮ್ಮ ಕಾಲಬುಡದಲ್ಲಿದೆಯೇ ಎಂದು ಒಮ್ಮೆ ನಕ್ಷೆ ತೆರೆದು ನೋಡುವುದಕ್ಕಿಂತ ಅಗ್ಗದ ವಿಮೆ ಬೇರೊಂದಿಲ್ಲ.

ಮೂರನೆಯ ಅಂಕಿ ಮತ್ತು ಗಾಳಿಯ ತೂಕ

ಎತ್ತರವನ್ನೂ ಉಪಗ್ರಹಗಳಿಂದ ಲೆಕ್ಕ ಹಾಕಬಹುದು. ಆದರೆ ಉಪಗ್ರಹಗಳೆಲ್ಲ ಇರುವುದು ತಲೆಯ ಮೇಲೆ, ಕಾಲ ಕೆಳಗೆ ಒಂದೂ ಇಲ್ಲ. ಹಾಗಾಗಿ ಅಡ್ಡಡ್ಡ ಜಾಗಕ್ಕಿಂತ ಎತ್ತರದ ತಪ್ಪು ಹೆಚ್ಚು. ಡ್ರೋನ್ ಇದಕ್ಕೆ ಹಳೆಯದೊಂದು ಉಪಾಯವನ್ನು ನೆಚ್ಚಿಕೊಂಡಿದೆ.

1648ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟವನ್ನು ಫ್ಲೋರಿನ್ ಪೆರಿಯೇ ಎಂಬಾತ ಪಾದರಸದ ಕೊಳವೆ ಹೊತ್ತು ಏರಿದ. ಅವನನ್ನು ಹತ್ತಿಸಿದವನು ಅವನ ಹೆಂಡತಿಯ ತಮ್ಮ, ಬ್ಲೇಸ್ ಪಾಸ್ಕಲ್. ತಪ್ಪಲಿನಲ್ಲಿ ನಿಂತ ಪಾದರಸಕ್ಕಿಂತ ನೆತ್ತಿಯ ಮೇಲಿನ ಪಾದರಸ ಎಂಟು ಸೆಂಟಿಮೀಟರಿಗೂ ತುಸು ಹೆಚ್ಚೇ ಇಳಿದಿತ್ತು. ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಅದರ ಒತ್ತಡವೂ ಕಡಿಮೆ. ಅದೇ ವಾಯುಭಾರಮಾಪಕ ಇಂದು ಸಾಸಿವೆ ಕಾಳಿನಷ್ಟು ಚಿಕ್ಕ ಚಿಪ್ಪಾಗಿ ಡ್ರೋನಿನ ಹೊಟ್ಟೆಯಲ್ಲಿದೆ. ಸಮುದ್ರಮಟ್ಟದ ಆಸುಪಾಸಿನಲ್ಲಿ ಎಂಟು ಮೀಟರಿನಷ್ಟು ಏರಿದರೆ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಅದರ ಸಣ್ಣ ಪಾಲನ್ನೂ ಈ ಚಿಪ್ಪು ಗುರುತಿಸಬಲ್ಲದು.

ಹಾರುವ ಮುನ್ನ ಡ್ರೋನ್ ನೆಲದ ಮೇಲಿನ ಒತ್ತಡವನ್ನು ಓದಿ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಮೂರನೆಯ ಅಂಕಿ ಇದೇ. ಇದರ ಅರ್ಥವನ್ನು ತುಸು ನಿಧಾನವಾಗಿ ಗ್ರಹಿಸಬೇಕು. ಪರದೆಯ ಮೇಲೆ 60 ಮೀಟರ್ ಎಂದು ಕಂಡರೆ ಡ್ರೋನ್ ಹೊರಟ ಜಾಗಕ್ಕಿಂತ 60 ಮೀಟರ್ ಮೇಲಿದೆ ಎಂದು ಅರ್ಥ. ಅದರ ಕೆಳಗಿನ ನೆಲದಿಂದ ಎಷ್ಟು ಮೇಲಿದೆ ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಇಳಿಜಾರಿನ ತೋಟದಲ್ಲಿ ಕೆಳಗಿನಿಂದ ಏರಿಸಿ ಮೇಲಿನ ಅಂಚಿಗೆ ಕಳಿಸಿದರೆ, ಪರದೆಯಲ್ಲಿ 60 ಇದ್ದಂತೆಯೇ ಹೊಟ್ಟೆಯ ಕೆಳಗಿನ ಮಣ್ಣು ಹತ್ತೇ ಮೀಟರಿಗೆ ಬಂದಿರಬಹುದು.

ಏರು, ಅಡ್ಡ, ಇಳಿ

ಮೂರು ಅಂಕಿ ಕೈಯಲ್ಲಿದ್ದರೆ ಮರಳುವ ವಿಧಾನ ಸರಳ. ಮೊದಲು ಗೊತ್ತುಮಾಡಿದ ಎತ್ತರಕ್ಕೆ ನೆಟ್ಟಗೆ ಏರು. ಆಗಲೇ ಅದಕ್ಕಿಂತ ಮೇಲಿದ್ದರೆ ಏರುವುದು ಬೇಡ. ಮನೆಬಿಂದುವಿನ ನೆತ್ತಿಯವರೆಗೆ ನೇರ ಗೆರೆಯಲ್ಲಿ ಸಾಗು. ನೆಟ್ಟಗೆ ಇಳಿ. ಈಗಿನ ದುಬಾರಿ ಮಾದರಿಗಳು ಇದರ ಮೇಲೆ ಇನ್ನಷ್ಟು ಜಾಣ್ಮೆ ಹೇರಿಕೊಂಡಿವೆ. ಕೆಲವು ಸಂಕೇತ ಕಡಿದ ಕೂಡಲೇ ಬಂದ ದಾರಿಯಲ್ಲೇ ಐವತ್ತು ಮೀಟರಿನಷ್ಟು ಹಿಂದೆ ಸರಿದು ನೋಡುತ್ತವೆ, ಕೆಲವು ಅಡ್ಡ ಬಂದದ್ದನ್ನು ಬಳಸಿ ಹೋಗುತ್ತವೆ. ಆದರೂ ತಳದಲ್ಲಿರುವುದು ಈ ಮೂರು ಗೆರೆಗಳೇ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೆನಪಿಸಿಕೊಳ್ಳಿ. ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೋಟೆ, ಅನುಮತಿಯಿಲ್ಲದೆ ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ಇಲ್ಲಿ ಬರೀ ಲೆಕ್ಕಕ್ಕಾಗಿ ಅದನ್ನು ಬಳಸೋಣ. ಸಮುದ್ರಮಟ್ಟದಿಂದ 1,193 ಮೀಟರ್ ಎತ್ತರದ ಆ ಬಂಡೆ ಊರಿನಿಂದ ನಾನೂರು ಮೀಟರಿನಷ್ಟು ಮೇಲೆದ್ದು ನಿಂತಿದೆ. ಊರಿನಲ್ಲಿ ನಿಂತು ಡ್ರೋನನ್ನು ಬೆಟ್ಟದ ಪಕ್ಕದಿಂದ ಬಳಸಿ ಹಿಂಬದಿಗೆ ಕಳಿಸಿದಿರಿ ಎಂದುಕೊಳ್ಳಿ. ರಿಮೋಟಿನ ಅಲೆಗಳು ಸಾಮಾನ್ಯವಾಗಿ 2.4 ಅಥವಾ 5.8 ಗಿಗಾಹರ್ಟ್ಸ್‌ನವು. ಅವುಗಳ ಉದ್ದ ಒಂದು ಗೇಣನ್ನೂ ಮೀರದು. ಅಂಥ ಅಲೆಗಳು ಬಂಡೆಯನ್ನು ತೂರುವುದಿಲ್ಲ, ಸುತ್ತಿ ಬಾಗಿ ಬರುವುದೂ ಇಲ್ಲವೆನ್ನುವಷ್ಟು ಕಡಿಮೆ. ಸಂಕೇತ ಕಡಿಯಿತು. ಡ್ರೋನ್ ನಿಯಮದಂತೆ ಗೊತ್ತುಮಾಡಿದ 60 ಮೀಟರಿಗೆ ಏರಿತು, ಊರಿನ ಕಡೆ ಮೂತಿ ತಿರುಗಿಸಿತು, ನೇರ ಗೆರೆಯಲ್ಲಿ ಹೊರಟಿತು. ಆ ಗೆರೆಯ ಮೇಲೆ ನಿಂತಿರುವುದು ಬೆಟ್ಟ.

ಇದನ್ನು ಬರೀ ದುರದೃಷ್ಟ ಎನ್ನುವಂತಿಲ್ಲ. ಹೆಚ್ಚಾಗಿ ನೀವು ನಿಂತಿರುವುದು ಮನೆಬಿಂದುವಿನ ಪಕ್ಕದಲ್ಲೇ. ಹಾಗಾಗಿ ಡ್ರೋನಿಗೂ ನಿಮಗೂ ನಡುವೆ ರೇಡಿಯೊ ಅಲೆ ಓಡಾಡುವ ಗೆರೆಯೂ ಡ್ರೋನ್ ಮರಳುವ ಗೆರೆಯೂ ನಕ್ಷೆಯ ಮೇಲೆ ಒಂದೇ. ಅಲೆಯನ್ನು ತಡೆದದ್ದು ಬೆಟ್ಟವಾಗಲಿ, ಅಪಾರ್ಟ್‌ಮೆಂಟಾಗಲಿ, ಸಿಲ್ವರ್ ಓಕ್ ಸಾಲಾಗಲಿ, ಡ್ರೋನನ್ನು ತಡೆಯಲು ಕಾದಿರುವುದೂ ಅದೇ. ತಾನಾಗಿ ಮರಳುವ ಸೌಲಭ್ಯ ಯಾವ ಗಳಿಗೆಯಲ್ಲಿ ಎಚ್ಚರಗೊಳ್ಳುತ್ತದೋ, ಅದೇ ಗಳಿಗೆಯಲ್ಲಿ ಅದರ ದಾರಿಗೆ ಅಡ್ಡಿ ಇರುವ ಸಂಭವವೂ ಅತಿ ಹೆಚ್ಚು.

ಪಾರಾಗುವ ದಾರಿ ಮರಳುವ ಎತ್ತರವನ್ನು ಸರಿಯಾಗಿ ಇಡುವುದು. ಕಾರ್ಖಾನೆಯಿಂದ ಬರುವಾಗ ಒಂದು ಎತ್ತರ ತುಂಬಿಯೇ ಇರುತ್ತದೆ, ಕೆಲವು ಮಾದರಿಗಳಲ್ಲಿ ಮೂವತ್ತು ಮೀಟರ್. ಬಯಲುಸೀಮೆಯ ಶೇಂಗಾ ಹೊಲಕ್ಕೆ ಅದು ಸಾಕು. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರವೇ ಮೂವತ್ತು ಮೀಟರ್ ಮುಟ್ಟುತ್ತದೆ. ಸುತ್ತಲಿನ ಅಡ್ಡಿಯ ಎತ್ತರವನ್ನು ಊಹಿಸಬೇಕಾಗಿಲ್ಲ, ಡ್ರೋನನ್ನೇ ಅಳತೆಗೋಲಾಗಿಸಬಹುದು. ಕ್ಯಾಮೆರಾದ ಓರೆಯನ್ನು ಸೊನ್ನೆಗೆ ತಂದು, ಎಂದರೆ ನೇರ ಮುಂದಕ್ಕೆ ನೋಡುವಂತೆ ಇಟ್ಟು, ನೆಟ್ಟಗೆ ಏರಿಸುತ್ತಾ ಹೋಗಿ. ಯಾವ ಮರದ ತುದಿ ಚಿತ್ರದ ನಟ್ಟನಡುವಿಗೆ ಬರುತ್ತದೋ ಆ ಮರ ಡ್ರೋನಿನಷ್ಟೇ ಎತ್ತರದಲ್ಲಿದೆ. ನಿಂತಲ್ಲೇ ಒಂದು ಸುತ್ತು ತಿರುಗಿಸಿ, ಎಲ್ಲ ತುದಿಗಳೂ ನಡುಗೆರೆಯ ಕೆಳಗೆ ಬಿದ್ದಾಗ ಪರದೆಯ ಸಂಖ್ಯೆ ಓದಿ, ಅದಕ್ಕೆ ಹದಿನೈದಿಪ್ಪತ್ತು ಮೀಟರ್ ಸೇರಿಸಿ. ಗುಡ್ಡದ ಮೇಲಿನ ಟವರ್, ಹೈಟೆನ್ಶನ್ ಕಂಬ ಎಲ್ಲವೂ ಈ ಲೆಕ್ಕಕ್ಕೆ ಸಿಕ್ಕಿಬೀಳುತ್ತವೆ.

ಹಾಗೆಂದು ಕಣ್ಣು ಮುಚ್ಚಿ ಇನ್ನೂರು ಮುನ್ನೂರು ಮೀಟರ್ ಇಡುವಂತಿಲ್ಲ. ನಮ್ಮ 2021ರ ಡ್ರೋನ್ ನಿಯಮಗಳ ಪ್ರಕಾರ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲೂ ನೆಲದಿಂದ 400 ಅಡಿ, ಸುಮಾರು 120 ಮೀಟರ್, ಮೀರುವಂತಿಲ್ಲ. ವಿಮಾನ ನಿಲ್ದಾಣದ ಸುತ್ತ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಅದು ಇನ್ನೂರೇ ಅಡಿ. ಗದುಗಿನ ಕಪ್ಪತಗುಡ್ಡದಂಥ ಕಡೆ ಗಾಳಿಗಿರಣಿಯ ರೆಕ್ಕೆಯ ತುದಿ ಈ ಮಿತಿಯನ್ನು ಮುಟ್ಟೀತು, ಮೀರಲೂ ಮೀರೀತು. ಮಧುಗಿರಿಯಂಥ ಬಂಡೆಯ ಹಿಂಬದಿಯಲ್ಲಂತೂ ಕಾನೂನಿಗೂ ಒಗ್ಗುವ, ಡ್ರೋನನ್ನೂ ಉಳಿಸುವ ಎತ್ತರವೇ ಇಲ್ಲ. ಅಂಥಲ್ಲಿ ಕಣ್ಣಿಗೆ ಮರೆಯಾಗದಂತೆ ಈಚೆ ಬದಿಯಲ್ಲೇ ಹಾರಿಸಬೇಕು.

ಅಡ್ಡಿ ಕಂಡರೆ ತಾನೇ ನಿಲ್ಲುವುದಿಲ್ಲವೇ ಎಂದು ನೀವು ಕೇಳಬಹುದು. ಹಗುರ ಮಾದರಿಗಳಲ್ಲಿ ಹಲವಕ್ಕೆ ಕಣ್ಣಿರುವುದು ಹೊಟ್ಟೆಯ ಕೆಳಗೆ ಮಾತ್ರ, ಇಳಿಯುವಾಗಿನ ಉಪಯೋಗಕ್ಕೆ. ಸುತ್ತಲೂ ಕಣ್ಣಿರುವ ಡ್ರೋನಿಗೂ ವಿದ್ಯುತ್ ತಂತಿ, ಎಲೆಯುದುರಿದ ರೆಂಬೆ, ಗಾಜಿನ ಗೋಡೆ ಕಾಣುವುದು ಕಷ್ಟ. ಕತ್ತಲಾದರೆ ಹೆಚ್ಚಿನವಕ್ಕೆ ಏನೂ ಕಾಣುವುದಿಲ್ಲ. ಇನ್ನೊಂದು ಸಣ್ಣ ಷರತ್ತನ್ನು ಕೈಪಿಡಿಯಲ್ಲಿ ಯಾರೂ ಓದುವುದಿಲ್ಲ: ಮನೆಬಿಂದುವಿಗೆ ತೀರ ಹತ್ತಿರವಿದ್ದರೆ, ಮಾದರಿಗೆ ತಕ್ಕಂತೆ ಇಪ್ಪತ್ತೋ ಐವತ್ತೋ ಮೀಟರ್ ಒಳಗೆ, ಡ್ರೋನ್ ಮೇಲೇರದೆ ಇದ್ದ ಎತ್ತರದಲ್ಲೇ ಮರಳಬಹುದು. ಮೂವತ್ತು ಮೀಟರ್ ದೂರದ ಮಾವಿನ ಮರದ ಆಚೆ ನಿಂತ ಡ್ರೋನ್ ಮರವನ್ನು ದಾಟದೆ ಅದರೊಳಗೇ ನುಗ್ಗುವುದು ಹೀಗೆ.

ಆಷಾಢದ ಗಾಳಿಯಲ್ಲಿ

ಆನೆಗೊಂದಿಯ ಬಳಿ ತುಂಬಿದ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರಿಗೆ ಹೊಳೆಯ ಗುಣ ಹೇಳಿಕೊಡಬೇಕಿಲ್ಲ: ನೀರಿನ ಜೊತೆ ಹೋಗುವಾಗ ಹುಟ್ಟು ಹಾಕದಿದ್ದರೂ ನಡೆಯುತ್ತದೆ, ಎದುರು ಬರುವಾಗ ತೋಳು ಸೋತರೂ ದಡ ಹತ್ತಿರವಾಗುವುದಿಲ್ಲ. ಡ್ರೋನ್ ತೇಲುವುದು ಗಾಳಿಯೆಂಬ ಹೊಳೆಯಲ್ಲಿ. ಆದರೆ ಹರಿಗೋಲಿನವನಿಗೆ ಸೆಳೆತ ಮೈಗೆ ಗೊತ್ತಾಗುತ್ತದೆ, ಡ್ರೋನಿನ ಪರದೆ ಅದನ್ನು ಮುಚ್ಚಿಡುತ್ತದೆ.

ಒಂದು ಡ್ರೋನ್ ಗಾಳಿಯಲ್ಲಿ ಸೆಕೆಂಡಿಗೆ ಹತ್ತು ಮೀಟರಿಗಿಂತ ಜೋರಾಗಿ ಹೋಗಲಾರದು ಎಂದುಕೊಳ್ಳೋಣ. ಬೆನ್ನ ಹಿಂದಿನಿಂದ ಸೆಕೆಂಡಿಗೆ ಆರು ಮೀಟರ್ ಗಾಳಿ ಬೀಸುತ್ತಿದೆ. ಡ್ರೋನ್ ನೆಲದ ಲೆಕ್ಕದಲ್ಲಿ ಹತ್ತೇ ಮೀಟರ್ ವೇಗ ಕಾಯ್ದುಕೊಂಡು ಹೋಗುತ್ತದೆ, ಅದರಲ್ಲಿ ಆರನ್ನು ಗಾಳಿಯೇ ಕೊಟ್ಟಿರುತ್ತದೆ. ಒಂದು ಕಿಲೋಮೀಟರ್ ಮುಟ್ಟಲು ನೂರು ಸೆಕೆಂಡ್. ಬ್ಯಾಟರಿ ಎಷ್ಟು ಚೆನ್ನಾಗಿ ತಾಳಿಕೆ ಬರುತ್ತಿದೆ ಎಂದು ಖುಷಿಯಾಗುತ್ತದೆ. ಮರಳುವಾಗ ಹತ್ತರಲ್ಲಿ ಆರು ಗಾಳಿಯ ಪಾಲು, ಉಳಿದದ್ದು ನಾಲ್ಕು. ಅದೇ ಒಂದು ಕಿಲೋಮೀಟರಿಗೆ ಈಗ 250 ಸೆಕೆಂಡ್. ಗಾಳಿ ಎಂಟಕ್ಕೇರಿದರೆ 500 ಸೆಕೆಂಡ್, ಎಂಟು ನಿಮಿಷಕ್ಕೂ ಹೆಚ್ಚು. ಹತ್ತಾದರೆ ಡ್ರೋನ್ ಪೂರ್ತಿ ಶಕ್ತಿ ಹಾಕಿ ನಿಂತಲ್ಲೇ ನಿಂತಿರುತ್ತದೆ.

ಇಲ್ಲಿ ಮರಳುವ ನಿಯಮವೇ ಒಂದು ಬಲೆ ಹೆಣೆಯುತ್ತದೆ. ನೆಲದ ಉಜ್ಜಾಟದಿಂದ ತಳದ ಗಾಳಿ ನಿಧಾನ, ಮೇಲೇರಿದಂತೆ ಜೋರು. ತೆರೆದ ಬಯಲಿನಲ್ಲಿ ಹತ್ತು ಮೀಟರ್ ಎತ್ತರದ ಗಾಳಿಗಿಂತ ನೂರು ಮೀಟರಿನ ಗಾಳಿ ಸುಮಾರು ಒಂದೂವರೆ ಪಟ್ಟಿಗೆ ಹತ್ತಿರವಾಗಬಹುದು. ಚಿತ್ರದುರ್ಗದ ಗುಡ್ಡಸಾಲಿನ ಮೇಲೆ ಗಾಳಿಗಿರಣಿಗಳನ್ನು ಅಷ್ಟೆತ್ತರದ ಕಂಬಕ್ಕೇರಿಸಿ ನಿಲ್ಲಿಸಿರುವುದು ಇದಕ್ಕೇ. ಇಪ್ಪತ್ತು ಮೀಟರಿನಲ್ಲಿ ಹಾಯಾಗಿ ಹಾರುತ್ತಿದ್ದ ಡ್ರೋನಿಗೆ ಮರಳುವ ಆಜ್ಞೆ ಬಂತೆಂದರೆ ಅದು ಮೊದಲು ಮಾಡುವ ಕೆಲಸ ನೀವು ಗೊತ್ತುಮಾಡಿದ, ನೂರು ಎಂದುಕೊಳ್ಳಿ, ಮೀಟರಿಗೆ ಏರುವುದು, ಎಂದರೆ ಇನ್ನೂ ಜೋರಾದ ಎದುರುಗಾಳಿಗೆ ಮುಖ ಕೊಡುವುದು. ಏರಲಿಕ್ಕೂ ಬ್ಯಾಟರಿ ಬೇಕು. ಮರಕ್ಕೆ ಬಡಿಯಬಾರದೆಂದು ಇಟ್ಟ ಎತ್ತರ ಗಾಳಿಯಲ್ಲಿ ಮುಳುವಾಗುತ್ತದೆ. ಆದ್ದರಿಂದ ಆ ಎತ್ತರ ಅಡ್ಡಿಗಳನ್ನು ಮೊದಲು ಹೇಳಿದ ಹದಿನೈದಿಪ್ಪತ್ತು ಮೀಟರ್ ಅಂತರದಲ್ಲಿ ದಾಟುವಷ್ಟಿರಬೇಕು, ಅದಕ್ಕಿಂತ ಹೆಚ್ಚು ಬೇಡ.

ಬ್ಯಾಟರಿ ಕಡಿಮೆಯಾದಾಗಲೂ ಡ್ರೋನ್ ಮರಳಲು ಹೊರಡುತ್ತದೆ. ಮನೆ ಎಷ್ಟು ದೂರ, ಇಳಿಯಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಹತ್ತು ಸೆಕೆಂಡಿನಷ್ಟು ಎಣಿಸಿ, ನೀವು ಬೇಡ ಎನ್ನದಿದ್ದರೆ ತಿರುಗುತ್ತದೆ. ಹಳೆಯ ಮಾದರಿಗಳ ಆ ಲೆಕ್ಕದಲ್ಲಿ ಗಾಳಿಗೆ ಸ್ಥಾನವಿರಲಿಲ್ಲ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿದ್ದರಿಂದ ನಮ್ಮಲ್ಲಿ ಹಳೆಯ ಯಂತ್ರಗಳು ಕೈಯಿಂದ ಕೈಗೆ ದಾಟುತ್ತಾ ಇನ್ನೂ ಹಾರುತ್ತಿವೆ. ಹೊಸ ಮಾದರಿಯ ವಿಡಿಯೊ ನೋಡಿ ಹಳೆಯದರ ಮೇಲೆ ಭರವಸೆ ಇಡುವುದು ಬೇಡ. ಬ್ಯಾಟರಿ ತೀರ ಕೆಳಕ್ಕೆ ಹೋದರೆ ಮರಳುವ ಮಾತೇ ಇಲ್ಲ, ಇದ್ದಲ್ಲೇ ಇಳಿಯುತ್ತದೆ. ಅದನ್ನು ರದ್ದು ಮಾಡಲಾಗದು, ಅಡ್ಡಕ್ಕೆ ಸರಿಸಿ ಕೆರೆಯನ್ನೋ ರಸ್ತೆಯನ್ನೋ ತಪ್ಪಿಸಬಹುದು ಅಷ್ಟೆ.

ಆಷಾಢದಲ್ಲಿ ಹಾರಿಸಲೇಬೇಕಿದ್ದರೆ ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ಮರಳುವಾಗ ಅದು ನಿಮ್ಮ ಕಡೆಯಾಗುತ್ತದೆ. ಗಾಳಿಯ ಜೊತೆ ಹೋಗಿ ಸಿಕ್ಕಿಹಾಕಿಕೊಂಡಿದ್ದರೆ, ಸಂಕೇತ ಇನ್ನೂ ಇದ್ದರೆ, ತಾನಾಗಿ ಮರಳುವುದನ್ನು ರದ್ದು ಮಾಡಿ, ಅಡ್ಡಿಯಿಲ್ಲದ ಕಡೆ ಕೆಳಕ್ಕಿಳಿಸಿ, ವೇಗ ಹೆಚ್ಚಿಸುವ ಸ್ಪೋರ್ಟ್ ಮೋಡ್‌ನಲ್ಲಿ ಕೈಯಾರೆ ತನ್ನಿ. ಯಂತ್ರಕ್ಕೆ ಈ ಉಪಾಯ ಹೊಳೆಯುವುದಿಲ್ಲ.

ಮೂತಿ ಯಾವ ಕಡೆ?

ಜಾಗ ಗೊತ್ತಿದ್ದರೂ ದಿಕ್ಕು ಬೇಕು. ಗಾಳಿಯಲ್ಲಿ ನಿಂತ ಡ್ರೋನಿಗೆ ತನ್ನ ಮೂತಿ ಉತ್ತರಕ್ಕಿದೆಯೋ ಪೂರ್ವಕ್ಕಿದೆಯೋ ಎಂದು ಉಪಗ್ರಹ ಹೇಳುವುದಿಲ್ಲ. ಅದಕ್ಕೊಂದು ದಿಕ್ಸೂಚಿ ಇದೆ. ಭೂಮಿಯ ಕಾಂತಕ್ಷೇತ್ರ ನಮ್ಮ ಭಾಗದಲ್ಲಿ ಸುಮಾರು 40 ಮೈಕ್ರೊಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಪುಟ್ಟ ಅಯಸ್ಕಾಂತ ಅದಕ್ಕಿಂತ ನೂರಾರು ಪಟ್ಟು ಬಲವಾದದ್ದು. ಕಾರಿನ ಬಾನೆಟ್, ತಾರಸಿಯ ಕಾಂಕ್ರೀಟಿನೊಳಗಿನ ಸರಳು, ಮ್ಯಾನ್‌ಹೋಲ್ ಮುಚ್ಚಳ, ಇವುಗಳ ಮೇಲಿಟ್ಟು ಹೊರಡಿಸಿದರೆ ದಿಕ್ಸೂಚಿ ಮೊದಲೇ ದಿಕ್ಕು ತಪ್ಪಿರುತ್ತದೆ.

ಆಗ ಆಗುವುದು ವಿಚಿತ್ರ. ಮನೆ ಉತ್ತರಕ್ಕಿದೆ, ಡ್ರೋನ್ ಉತ್ತರವೆಂದು ಈಶಾನ್ಯಕ್ಕೆ ಹೊರಡುತ್ತದೆ. ಜಾಗ ತಪ್ಪುತ್ತಿದೆ ಎಂದು ಜಿಪಿಎಸ್ ಹೇಳುತ್ತದೆ, ತಿದ್ದಲು ಹೋದರೆ ತಿದ್ದುಪಡಿಯೂ ಅಷ್ಟೇ ಓರೆ. ತಪ್ಪು ಕಡಿಮೆಯಿದ್ದರೆ ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಬರುತ್ತದೆ. ಲಂಬಕೋನದ ಹತ್ತಿರ ಹೋದರೆ ಸುತ್ತುತ್ತಲೇ ಇರುತ್ತದೆ, ಅದಕ್ಕೂ ಹೆಚ್ಚಾದರೆ ಸುತ್ತು ದೊಡ್ಡದಾಗುತ್ತಾ ದೂರ ಓಡುತ್ತದೆ. ಏರಿಸಿದ ಕೂಡಲೇ ತಲೆಯೆತ್ತರದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿದರೆ ಈ ರೋಗ ಅಲ್ಲೇ ಗೊತ್ತಾಗುತ್ತದೆ. ಕೈ ಬಿಟ್ಟರೂ ನಿಂತಲ್ಲಿ ನಿಲ್ಲದೆ ಸುತ್ತತೊಡಗಿದರೆ ಇಳಿಸಿ, ಕಬ್ಬಿಣದಿಂದ ದೂರ ಹೋಗಿ, ದಿಕ್ಸೂಚಿಯನ್ನು ಮತ್ತೆ ಹೊಂದಿಸಬೇಕು.

ಇಳಿಯುವ ಕೊನೆಯ ಮೀಟರುಗಳು

ಜಿಪಿಎಸ್ ಕೆಲವು ಮೀಟರ್ ಹೆಚ್ಚುಕಡಿಮೆ ಎಂದೆವು. ಕಾಫಿ ಒಣಗಿಸುವ ವಿಶಾಲ ಕಣದಲ್ಲಿ ಅದು ಲೆಕ್ಕಕ್ಕಿಲ್ಲ, ಎರಡು ಮನೆಗಳ ನಡುವಿನ ಓಣಿಯಲ್ಲಿ ಅದೇ ಸರ್ವಸ್ವ. ಹಲವು ಮಾದರಿಗಳು ಹೊರಡುವಾಗ ಕೆಳಗಿನ ಕ್ಯಾಮೆರಾದಿಂದ ನೆಲದ ಚಿತ್ರ ತೆಗೆದಿಟ್ಟುಕೊಂಡು ಇಳಿಯುವಾಗ ಅದಕ್ಕೆ ಹೋಲಿಸಿ ತಿದ್ದಿಕೊಳ್ಳುತ್ತವೆ. ಆ ಚಿತ್ರ ಸರಿಯಾಗಿ ದಕ್ಕಬೇಕಾದರೆ ಹೊರಟ ಕೂಡಲೇ ಓರೆಯಾಗಿ ಓಡಿಸದೆ ಹತ್ತು ಮೀಟರಿನಷ್ಟು ನೆಟ್ಟಗೆ ಏರಿಸಬೇಕು. ಬೂದುಬಣ್ಣದ ಬರೀ ಸಿಮೆಂಟು ನೆಲಕ್ಕಿಂತ ಒಂದು ಬಣ್ಣದ ಚಾಪೆ ಹಾಸಿದ ನೆಲ ಅದಕ್ಕೆ ಸುಲಭವಾಗಿ ಗುರುತು ಸಿಗುತ್ತದೆ.

ಹಿನ್ನೀರಿನ ದೋಣಿಯಿಂದ ಹಾರಿಸುವವರಿಗೆ ಮೊದಲು ಹೇಳಿದ ಮಾತು ಮತ್ತೆ ಬೇಕು. ಮನೆಬಿಂದು ದೋಣಿಯಲ್ಲ, ದೋಣಿ ಆಗ ಇದ್ದ ನೀರು. ಹತ್ತು ನಿಮಿಷದ ಮೇಲೆ ಡ್ರೋನ್ ನಿಷ್ಠೆಯಿಂದ ಅಲ್ಲಿಗೇ ಮರಳಿ ಶಾಂತವಾಗಿ ನೀರಿಗಿಳಿಯುತ್ತದೆ. ಅನೇಕ ಆ್ಯಪ್‌ಗಳಲ್ಲಿ ರಿಮೋಟ್ ಅಥವಾ ಫೋನ್ ಇರುವ ಜಾಗಕ್ಕೆ ಮನೆಬಿಂದುವನ್ನು ಹಾರಾಟದ ನಡುವೆಯೇ ಬದಲಿಸುವ ಅವಕಾಶವಿದೆ. ಚಲಿಸುವ ವಾಹನದಿಂದ ಹಾರಿಸುವವರು ಅದನ್ನು ಕಲಿತಿರಬೇಕು. ಆದರೆ ಸಂಕೇತ ಕಡಿದ ಮೇಲೆ ಅದೂ ನಡೆಯದು.

ಮರಳಬಾರದ ಜಾಗಗಳು

ಸಂಕೇತ ಕಡಿದರೆ ಏನು ಮಾಡಬೇಕೆಂದು ಅನೇಕ ಡ್ರೋನ್‌ಗಳಿಗೆ ಮೂರರಲ್ಲೊಂದನ್ನು ಹೇಳಿಡಬಹುದು: ಮರಳು, ನಿಂತಲ್ಲೇ ನಿಲ್ಲು, ಇಳಿ. ಕಾರ್ಖಾನೆಯಿಂದ ಬರುವಾಗ ಮೊದಲನೆಯದು ಇರುತ್ತದೆ. ಉಳಿದೆರಡನ್ನು ಬಹುಪಾಲು ಜನ ತೆರೆದು ನೋಡಿರುವುದಿಲ್ಲ.

ಕಲ್ಯಾಣ ಮಂಟಪದ ಒಳಗೆ ಹಾರಿಸುವ ಫೋಟೊಗ್ರಾಫರನ್ನು ಗಮನಿಸಿ. ಛಾವಣಿಯ ಕೆಳಗೆ ಉಪಗ್ರಹಗಳಿಲ್ಲ, ಮನೆಬಿಂದು ಗುರುತಾಗಿಲ್ಲ. ಡ್ರೋನ್ ದೊಡ್ಡ ಬಾಗಿಲಿನ ಬಳಿ ಶಾಮಿಯಾನದ ಅಂಚಿಗೆ ಬರುತ್ತದೆ, ತೆರೆದ ಆಕಾಶ ಸಿಗುತ್ತದೆ, ಮನೆಬಿಂದು ಅಲ್ಲಿ ಗುರುತಾಗುತ್ತದೆ. ಮತ್ತೆ ಒಳಗೆ ಹೋದಾಗ ರಿಮೋಟಿನ ಸಂಕೇತ ಕೆಲವು ಸೆಕೆಂಡ್ ಕಡಿದರೆ ಸಾಕು, ಉಪಗ್ರಹಗಳ ಎಳೆ ಇನ್ನೂ ಉಳಿದಿದ್ದರೆ, ಡ್ರೋನ್ ತನಗೆ ಹೇಳಿಕೊಟ್ಟ ಮೊದಲ ಕೆಲಸ ಮಾಡುತ್ತದೆ: ನೆಟ್ಟಗೆ ಏರುತ್ತದೆ. ಮೇಲಿರುವುದು ಛಾವಣಿ, ಕೆಳಗಿರುವುದು ಪಂಕ್ತಿ. ಸೇತುವೆಯ ಕಮಾನಿನ ಕೆಳಗೆ, ಅಡಿಕೆ ತೋಟದ ಸಾಲುಗಳ ನಡುವೆ, ಗುಹೆಯ ಬಾಯಲ್ಲಿ ಹಾರಿಸುವಾಗಲೂ ಇದೇ ಗತಿ. ಇಂಥ ಕಡೆ ಹೊರಡುವ ಮುನ್ನ ಆ ಆಯ್ಕೆಯನ್ನು ನಿಂತಲ್ಲೇ ನಿಲ್ಲು ಎಂದು ಬದಲಿಸಬೇಕು. ಜನವಿಲ್ಲದ, ಒಣಗಿದ ನೆಲವಾದರೆ ಇಳಿ ಎಂದರೂ ಸರಿ. ನಿಂತರೆ ನೀವು ನಾಲ್ಕು ಹೆಜ್ಜೆ ಅತ್ತ ನಡೆದು ಸಂಕೇತವನ್ನು ಮತ್ತೆ ಹಿಡಿಯಬಹುದು.

ಕೆಲಸ ಮುಗಿಸಿ ಬಯಲಿಗೆ ಹೊರಟಾಗ ಅದನ್ನು ಮರಳು ಎಂಬುದಕ್ಕೆ ವಾಪಸ್ ತಿರುಗಿಸಲು ಮಾತ್ರ ಮರೆಯಬಾರದು. ಡ್ರೋನ್ ಕಳೆದ ವಾರದ ಆಯ್ಕೆಯನ್ನು ಈ ವಾರವೂ ನೆನಪಿಟ್ಟುಕೊಂಡಿರುತ್ತದೆ. ಬಯಲಿನಲ್ಲಿ ನಿಂತಲ್ಲೇ ನಿಲ್ಲು ಎಂಬ ಆಜ್ಞೆ ಇದ್ದರೆ ಅದು ಒಂದು ಕಿಲೋಮೀಟರ್ ಆಚೆ, ಬ್ಯಾಟರಿ ಮುಗಿಯುವತನಕ, ಯಾರ ಕೈಗೂ ಸಿಗದೆ ನಿಂತೇ ಇದ್ದು, ಆಮೇಲೆ ಅಲ್ಲೇ ಯಾರದೋ ಜೋಳದ ಹೊಲಕ್ಕೆ ಇಳಿಯುತ್ತದೆ.